ಒಂದೇ ಆ್ಯಂಟಿಬಾಡಿ ಅಡಿಕೆ ಎಲೆಗೂ ಯೀಸ್ಟ್‌ಗೂ ಆಗುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಊರು ತೀರ್ಥಹಳ್ಳಿ ಕಡೆ. ಬಿಸಿಲಿನ ಹೊಡೆತಕ್ಕೆ ಸಿಕ್ಕ ಅಡಿಕೆ ಸಸಿಯ ಎಲೆಯಲ್ಲಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಇ.ಆರ್., ಕೋಶದೊಳಗೆ ಪ್ರೋಟೀನುಗಳು ಮಡಚಿಕೊಂಡು ಸಿದ್ಧವಾಗುವ ಪೊರೆಗಳ ಜಾಲ) ಮೇಲೆ ಒತ್ತಡ ಬೀಳುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಹೋಲಿಕೆಗೆ ಬೇಕರಿ ಯೀಸ್ಟ್ ಇಟ್ಟುಕೊಂಡಿದ್ದೇನೆ. ಲ್ಯಾಬಿನ ಫ್ರೀಜರಿನಲ್ಲಿ ಮನುಷ್ಯರ ಬಿಪ್ (ಇ.ಆರ್. ಒಳಗೆ ಪ್ರೋಟೀನ್ ಮಡಚಲು ನೆರವಾಗುವ, ಒತ್ತಡದಲ್ಲಿ ಏರುವ ಪ್ರೋಟೀನ್) ಹಿಡಿಯಲು ಮಾಡಿದ ಆ್ಯಂಟಿಬಾಡಿ ಇತ್ತು. ಅದನ್ನೇ ಹಾಕಿ ವೆಸ್ಟರ್ನ್ ಬ್ಲಾಟ್ (ಜೆಲ್ಲಿನಲ್ಲಿ ಗಾತ್ರದ ಪ್ರಕಾರ ಬೇರೆಯಾದ ಪ್ರೋಟೀನುಗಳನ್ನು ಮೆಂಬ್ರೇನಿಗೆ ಇಳಿಸಿ ಆ್ಯಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಮಾಡಿದೆ. ಯೀಸ್ಟ್‌ನಲ್ಲಿ ಏನೂ ಬರಲಿಲ್ಲ. ಎಲೆಯಲ್ಲಿ 55 ಕಿಲೋಡಾಲ್ಟನ್ ಹತ್ತಿರ ದಪ್ಪ ಬ್ಯಾಂಡ್ ಬಂತು, ಅದರ ಮೇಲೆಲ್ಲ ಮಸುಕು. ಹೊಸದು ತರಿಸಲು ಒಂದಕ್ಕೆ ಮಾತ್ರ ದುಡ್ಡಿದೆ. ಗಿಡಕ್ಕೂ ಯೀಸ್ಟ್‌ಗೂ ಆಗುವ, ಮೈಕ್ರೋಸ್ಕೋಪಿಗೂ ಬರುವ ಒಂದು ಆ್ಯಂಟಿಬಾಡಿ ಹೇಳುತ್ತೀರಾ?

ಉತ್ತರ: ಅಂಥದ್ದು ಇದೆ. ಆದರೆ ನಿಮ್ಮ ಕೆಲಸಕ್ಕೆ ಅದನ್ನು ಕೊಳ್ಳಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಆ 55ರ ಬ್ಯಾಂಡ್ ವಿಷಯ ಮುಗಿಸೋಣ.

ಅದು ಬಿಪ್ ಅಲ್ಲ. ಬಿಪ್ ಯಾವ ಜೀವಿಯಲ್ಲೇ ಇರಲಿ, ಜೆಲ್ ಮೇಲೆ 70ರಿಂದ 80ರ ನಡುವೆ ಓಡುತ್ತದೆ. ಹಸಿರೆಲೆಯಲ್ಲಿ 55ರ ಹತ್ತಿರ ದಪ್ಪಗೆ ಕೂರುವುದು ದ್ಯುತಿಸಂಶ್ಲೇಷಣೆಯ ಎಂಜೈಮ್ ರುಬಿಸ್ಕೋದ ದೊಡ್ಡ ತುಂಡು. ಎಲೆಯ ಕರಗುವ ಪ್ರೋಟೀನಿನಲ್ಲಿ ಅರ್ಧದವರೆಗೂ ಅದೊಂದೇ ಇರಬಹುದು. ಅಷ್ಟು ರಾಶಿ ಪ್ರೋಟೀನ್ ಒಂದೇ ಕಡೆ ಬಿದ್ದಿದ್ದರೆ, ಸರಿಯಾಗಿ ಹೊಂದದ ಆ್ಯಂಟಿಬಾಡಿಯೂ ಸುಮ್ನೆ ಅಲ್ಲಿ ಅಂಟಿಕೊಳ್ಳುತ್ತದೆ. ಖಚಿತ ಮಾಡಿಕೊಳ್ಳಲು ಖರ್ಚೇನೂ ಇಲ್ಲ. ಮುಂದಿನ ಸಲ ಹಾಲಿನ ಪುಡಿಯಲ್ಲಿ ಬ್ಲಾಕ್ ಮಾಡುವ (ಮೆಂಬ್ರೇನಿನ ಖಾಲಿ ಜಾಗ ಮುಚ್ಚುವ) ಮೊದಲು ಅದನ್ನು ಪ್ರೋಟೀನಿಗೆ ಕೆಂಪು ಹಚ್ಚುವ ಪೊನ್ಸೋ ಬಣ್ಣದಲ್ಲಿ ಅದ್ದಿ ಫೋಟೋ ತೆಗೆಯಿರಿ. ಕೆಂಪಗೆ ಕಾಣುವ ರುಬಿಸ್ಕೋ ಪಟ್ಟಿಯನ್ನೂ ನಿಮ್ಮ ಬ್ಯಾಂಡನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಜೊತೆಗೆ ಇನ್ನೊಂದು ಪಟ್ಟಿಗೆ ಸೆಕೆಂಡರಿ ಆ್ಯಂಟಿಬಾಡಿ (ಮೊದಲು ಹಾಕುವ ಪ್ರೈಮರಿಯನ್ನು ಹಿಡಿದು ತೋರಿಸುವ ಎರಡನೆಯದು) ಮಾತ್ರ ಹಾಕಿ. ಅಲ್ಲೂ 55 ಬಂದರೆ ಪ್ರೈಮರಿಯದ್ದು ತಪ್ಪೇ ಅಲ್ಲ.

ಯೀಸ್ಟ್‌ನಲ್ಲಿ ಏನೂ ಬಾರದ್ದಕ್ಕೆ ಕಾರಣ ಬೇರೆ. ಯೀಸ್ಟ್‌ನ ಬಿಪ್‌ಗೆ ಕಾರ್2 ಎಂದು ಹೆಸರು. ಕ್ಯಾಟಲಾಗಿನಲ್ಲಿ ಬಿಪ್ ಅಂತ ಹುಡುಕಿದರೆ ಅದು ಸಿಗುವುದಿಲ್ಲ, ಅದಕ್ಕೇ ಇದನ್ನು ಹೇಳಿದೆ. ಮನುಷ್ಯರ ಬಿಪ್‌ಗೂ ಕಾರ್2ಗೂ ಸುಮಾರು ಮೂರರಲ್ಲಿ ಎರಡು ಪಾಲು ಅಮೈನೋ ಆಮ್ಲಗಳು ಒಂದೇ. ಜಾಸ್ತಿನೇ ಹೋಲಿಕೆ ಅಲ್ವಾ? ಆದರೆ ಆ ಹೋಲಿಕೆ ಎಲ್ಲ ಕಡೆ ಸಮನಾಗಿ ಹಂಚಿಲ್ಲ. ಎಟಿಪಿ ಹಿಡಿಯುವ ಮುಂಭಾಗ ಹೆಚ್ಚೂಕಡಿಮೆ ಒಂದೇ ಥರ ಇರುತ್ತದೆ. ಬಾಲದ ಕಡೆ ಬರುತ್ತಾ ಬೇರೆ ಬೇರೆ ಆಗುತ್ತದೆ. ಕಂಪನಿಗಳು ಆ್ಯಂಟಿಬಾಡಿ ಮಾಡಲು ಎಷ್ಟೋ ಸಲ ಈ ಬಾಲದ ತುಂಡನ್ನೇ ಆರಿಸುತ್ತವೆ, ಯಾಕೆಂದರೆ ಬೇರೆ ಪ್ರೋಟೀನುಗಳಿಂದ ಅದು ಪ್ರತ್ಯೇಕವಾಗಿ ಕಾಣುತ್ತದೆ. ಅಂಥ ಆ್ಯಂಟಿಬಾಡಿ ಮನುಷ್ಯ, ಇಲಿಯ ಕೋಶಗಳಲ್ಲಿ ಚೆನ್ನಾಗಿ ಕೆಲಸ ಮಾಡಿ ಯೀಸ್ಟ್‌ನಲ್ಲಿ ಕೈಕೊಡುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಮುಂಭಾಗಕ್ಕೆ ಮಾಡಿದ್ದನ್ನೇ ತರಿಸಿದರೆ ಎಲ್ಲ ಜೀವಿಗಳಲ್ಲೂ ಹಿಡಿಯುತ್ತದಲ್ಲ ಅಂತ ನಿಮಗೆ ಅನ್ನಿಸಬಹುದು. ಹಿಡಿಯುತ್ತದೆ. ಆದರೆ ನಿಮ್ಮ ಪ್ರಯೋಗಕ್ಕೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಬಿಪ್ ಎನ್ನುವುದು ಎಚ್‌ಎಸ್‌ಪಿ70 ಎಂಬ, ಪ್ರೋಟೀನ್ ಮಡಚಲು ನೆರವಾಗುವ ಕುಟುಂಬದ ಒಂದು ಸದಸ್ಯ. ಅದರ ದಾಯಾದಿಗಳು ಸೈಟೋಪ್ಲಾಸಂನಲ್ಲಿ, ಮೈಟೋಕಾಂಡ್ರಿಯಾದಲ್ಲಿ, ಕ್ಲೋರೋಪ್ಲಾಸ್ಟಿನಲ್ಲಿ ಎಲ್ಲ ಕಡೆ ಇವೆ. ಎಲ್ಲವೂ 70ರ ಆಸುಪಾಸಿನಲ್ಲೇ ಓಡುತ್ತವೆ. ಎಲ್ಲದರ ಮುಂಭಾಗವೂ ಒಂದೇ ಅಚ್ಚಿನದು. ಈಗ ನಿಮ್ಮ ವಿಷಯ ಏನು? ಬಿಸಿಲಿನ ಹೊಡೆತ. ಬಿಸಿ ತಾಗಿದ ಕೂಡಲೇ ಗಿಡ ಮೊದಲು ಮಾಡುವ ಕೆಲಸವೇ ಸೈಟೋಪ್ಲಾಸಂನ ಎಚ್‌ಎಸ್‌ಪಿ70ಯನ್ನು ರಾಶಿ ರಾಶಿಯಾಗಿ ತಯಾರಿಸುವುದು. ಮುಂಭಾಗಕ್ಕೆ ಮಾಡಿದ ಆ್ಯಂಟಿಬಾಡಿ ಹಾಕಿದರೆ 70ರಲ್ಲಿ ಚೆಂದದ ಬ್ಯಾಂಡ್ ಬರುತ್ತದೆ. ಬಿಸಿ ಕೊಟ್ಟ ಸಸಿಯಲ್ಲಿ ಅದು ಇನ್ನೂ ದಪ್ಪಗಾಗುತ್ತದೆ. ನೀವು ಖುಷಿಯಿಂದ ಬಿಪ್ ಏರಿತು, ಇ.ಆರ್. ಒತ್ತಡದಲ್ಲಿದೆ ಅಂತ ಬರೆಯುತ್ತೀರಿ. ಆದರೆ ನೀವು ಅಳೆದದ್ದು ಇ.ಆರ್. ಒಳಗಿನದ್ದೇ ಅಲ್ಲ. ಬ್ಯಾಂಡ್ ಬಾರದೆ ಹೋದರೆ ಒಂದು ಮೆಂಬ್ರೇನ್ ಹಾಳು, ಅಷ್ಟೇ. ತಪ್ಪು ಬ್ಯಾಂಡ್ ಸರಿಯಾದ ಜಾಗದಲ್ಲಿ ಬಂದರೆ ಥೀಸಿಸ್ಸೇ ಹಾಳು.

ಆದ್ದರಿಂದ ಲೇಬಲ್ ಮೇಲಿನ ಹೆಸರು ನೋಡಿ ಕೊಳ್ಳಬೇಡಿ. ಪ್ರೋಟೀನಿನ ಯಾವ ತುಂಡನ್ನು ಮೊಲಕ್ಕೋ ಇಲಿಗೋ ಚುಚ್ಚಿ ಅದನ್ನು ಮಾಡಿದ್ದಾರೆ ಅಂತ ನೋಡಿ. ಡೇಟಾಶೀಟಿನಲ್ಲಿ ಇಮ್ಯುನೋಜೆನ್ ಎಂಬ ಸಾಲು ಇರುತ್ತದೆ. ಅಲ್ಲಿ ಪೆಪ್ಟೈಡಿನ ಅನುಕ್ರಮ ಕೊಟ್ಟಿದ್ದರೆ ಒಳ್ಳೆಯದು. ಕೊಟ್ಟಿಲ್ಲದಿದ್ದರೆ ಕಂಪನಿಗೆ ಮೇಲ್ ಹಾಕಿ ಕೇಳಿ. ಅನುಕ್ರಮ ಹೇಳದಿದ್ದರೂ ಎಷ್ಟನೇ ಅಮೈನೋ ಆಮ್ಲದಿಂದ ಎಷ್ಟನೆಯದರವರೆಗೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆಮೇಲೆ ಆ ತುಂಡನ್ನು ಯುನಿಪ್ರಾಟ್ ಎಂಬ ಪ್ರೋಟೀನ್ ಅನುಕ್ರಮಗಳ ಜಾಲತಾಣದಲ್ಲಿ ಸಿಗುವ ಗಿಡಗಳ ಬಿಪ್ ಜೊತೆ ಜೋಡಿಸಿ ನೋಡಿ. ಅಡಿಕೆಯದ್ದು ಕೈಗೆ ಸಿಗದಿದ್ದರೆ ತೆಂಗು, ಎಣ್ಣೆತಾಳೆ, ಖರ್ಜೂರ ಇವುಗಳದ್ದನ್ನು ತೆಗೆದುಕೊಳ್ಳಿ. ಎಲ್ಲವೂ ಒಂದೇ ತಾಳೆ ಕುಟುಂಬ. ಇನ್ನೊಂದು ಕಡೆ ಅದೇ ತುಂಡನ್ನು ಭತ್ತದ ಸೈಟೋಪ್ಲಾಸಂ ಎಚ್‌ಎಸ್‌ಪಿ70 ಜೊತೆಗೂ ಜೋಡಿಸಿ. ತಾಳೆಗಳ ಬಿಪ್ ಜೊತೆ ಹೊಂದಬೇಕು, ಎಚ್‌ಎಸ್‌ಪಿ70 ಜೊತೆ ಹೊಂದಬಾರದು. ಒಂದು ಮಧ್ಯಾಹ್ನದ ಕೆಲಸ ಇದು. ಹಾಗೇ ಡೇಟಾಶೀಟಿನಲ್ಲಿ ‘ಪರೀಕ್ಷಿಸಿದೆ’ ಅಂತ ಇರುವ ಜೀವಿಗಳ ಪಟ್ಟಿಯನ್ನೂ ‘ನಿರೀಕ್ಷಿಸಲಾಗಿದೆ’ ಅಂತ ಇರುವ ಪಟ್ಟಿಯನ್ನೂ ಬೇರೆ ಬೇರೆ ಓದಿ. ಎರಡನೆಯದು ಕಂಪ್ಯೂಟರ್ ಮುಂದೆ ಕೂತು ಬರೆದದ್ದು, ಬ್ಲಾಟ್ ಮಾಡಿ ಅಲ್ಲ.

ಈಗ ನಿಮ್ಮ ‘ಎರಡಕ್ಕೂ ಆಗುವ ಒಂದು’ ವಿಷಯಕ್ಕೆ ಬರೋಣ. ಇ.ಆರ್. ಒಳಗೇ ಉಳಿಯಬೇಕಾದ ಪ್ರೋಟೀನುಗಳ ಬಾಲದ ತುದಿಯಲ್ಲಿ ನಾಲ್ಕು ಅಮೈನೋ ಆಮ್ಲಗಳ ಒಂದು ಗುರುತು ಇರುತ್ತದೆ. ಮುಂದಿನ ನಿಲ್ದಾಣವಾದ ಗಾಲ್ಜಿ ಕಡೆಗೆ ತಪ್ಪಿಸಿಕೊಂಡು ಹೋದರೂ ಆ ಗುರುತು ನೋಡಿ ಕೋಶ ಅವನ್ನು ವಾಪಸ್ ಕರೆತರುತ್ತದೆ. ಪ್ರಾಣಿಗಳಲ್ಲಿ ಅದು ಕೆಡಿಇಎಲ್ (ಒಂದೊಂದು ಅಕ್ಷರ ಒಂದೊಂದು ಅಮೈನೋ ಆಮ್ಲ). ಸೀನ್ ಮನ್ರೋ ಮತ್ತು ಹ್ಯೂ ಪೆಲ್ಹಾಮ್ 1987ರಲ್ಲಿ ತೋರಿಸಿಕೊಟ್ಟದ್ದು. ಬೇಕರಿ ಯೀಸ್ಟ್‌ನಲ್ಲಿ ಮೊದಲ ಅಕ್ಷರ ಬದಲಾಗಿ ಎಚ್‌ಡಿಇಎಲ್. ಗಿಡಗಳಲ್ಲಿ ಎರಡೂ ಇವೆ. ಈ ಎಚ್‌ಡಿಇಎಲ್ ತುದಿಗೇ ಮಾಡಿದ ಮೋನೋಕ್ಲೋನಲ್ (ಎಲ್ಲವೂ ಒಂದೇ ಬಗೆಯ) ಆ್ಯಂಟಿಬಾಡಿ ಸಿಗುತ್ತದೆ, 2ಇ7 ಎಂಬ ಕ್ಲೋನ್ ಪ್ರಸಿದ್ಧ. ಗಿಡಕ್ಕೂ ಆಗುತ್ತದೆ, ಯೀಸ್ಟ್‌ಗೂ ಆಗುತ್ತದೆ, ಮೈಕ್ರೋಸ್ಕೋಪಿಗಂತೂ ಚೆನ್ನಾಗಿದೆ.

ಮತ್ತೆ ಬೇಡ ಅಂದದ್ದು ಯಾಕೆ? ಸಾಗರದ ಪೇಟೆಯಲ್ಲಿ ನಿಂತು ‘ಭಟ್ರೇ’ ಅಂತ ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಾರೆ ಯೋಚಿಸಿ. ಈ ಆ್ಯಂಟಿಬಾಡಿ ಹಾಗೆ. ಯೀಸ್ಟ್‌ನಲ್ಲಿ ಕಾರ್2, ಪಿಡಿಐ ಮತ್ತಿನ್ನೂ ಕೆಲವು ಪ್ರೋಟೀನುಗಳು ಒಟ್ಟಿಗೇ ಓಗೊಡುತ್ತವೆ. ಗಿಡದಲ್ಲಿ ಬಿಪ್, ಕ್ಯಾಲ್‌ರೆಟಿಕ್ಯುಲಿನ್ ಇತ್ಯಾದಿ. ಇ.ಆರ್. ಎಲ್ಲಿದೆ ಅಂತ ನೋಡಲು ಅದು ಒಳ್ಳೆಯದೇ, ಎಲ್ಲರೂ ಸೇರಿ ಕೂಗಿದರೆ ಬೆಳಕು ಜಾಸ್ತಿ. ಆದರೆ ನಿಮ್ಮ ಪ್ರಶ್ನೆ ಎಲ್ಲಿದೆ ಅನ್ನುವುದಲ್ಲ, ಒತ್ತಡದಲ್ಲಿ ಬಿಪ್ ಎಷ್ಟು ಏರಿತು ಅನ್ನುವುದು. ಅದಕ್ಕೆ ಒಂದು ಬ್ಯಾಂಡ್, ಅದೂ ಯಾರದು ಅಂತ ಗೊತ್ತಿರುವ ಬ್ಯಾಂಡ್ ಬೇಕು.

ಕೆಡಿಇಎಲ್‌ಗೆ ಮಾಡಿದ ಆ್ಯಂಟಿಬಾಡಿಗಳ ಬಗ್ಗೆಯೂ ಒಂದು ಮಾತು. ಯಾರೋ ಒಬ್ಬರು ನಿಮಗೆ ಅದನ್ನು ಹೇಳಿಯೇ ಹೇಳುತ್ತಾರೆ. ಬೇಕರಿ ಯೀಸ್ಟ್‌ಗೆ ಅದು ಪ್ರಯೋಜನವಿಲ್ಲ. ಗಿಡದಲ್ಲಿ ಇನ್ನೊಂದು ಗುಂಡಿ ಇದೆ. ಉದ್ದಿನಕಾಳು ಮೊಳಕೆ ಬರುವಾಗ ಬೇಳೆಯೊಳಗಿನ ಪ್ರೋಟೀನನ್ನು ಕತ್ತರಿಸುವ ಒಂದು ಎಂಜೈಮ್ ತಯಾರಾಗುತ್ತದೆ. ಅದರ ಬಾಲದಲ್ಲೂ ಕೆಡಿಇಎಲ್ ಇದೆ. ಅದು ಇ.ಆರ್. ನಿಂದ ಹುಟ್ಟಿದ ಚೀಲಗಳಲ್ಲಿ ತುಂಬಿಕೊಂಡು ವ್ಯಾಕ್ಯೂಲಿಗೆ ಹೋಗುತ್ತದೆ. ಹರಳು ಬೀಜದಲ್ಲೂ ಇದೇ ಥರದ ಎಂಜೈಮ್, ಅದೇ ಬಾಲ. ಅಲ್ಲಿ ಹೊಳೆಯುವ ಚುಕ್ಕೆಗಳನ್ನೆಲ್ಲ ಇ.ಆರ್. ಅಂದುಕೊಂಡರೆ ಮುಗಿಯಿತು.

ನನ್ನ ಸಲಹೆ ಇಷ್ಟು: ದುಡ್ಡನ್ನು ಗಿಡಕ್ಕೆ ಹಾಕಿ, ಯೀಸ್ಟ್‌ಗೆ ಹಾಕಬೇಡಿ. ಗಿಡದ ಬಿಪ್‌ಗೇ ಮಾಡಿದ, ಅಡಿಕೆಯಂಥ ಏಕದಳ ಸಸ್ಯದಲ್ಲಿ ಪರೀಕ್ಷೆಯಾದ ಮೊಲದ ಪಾಲಿಕ್ಲೋನಲ್ (ಹಲವು ಬಗೆಯ ಆ್ಯಂಟಿಬಾಡಿ ಬೆರೆತದ್ದು) ಒಂದನ್ನು ತರಿಸಿ. ಅಡಿಕೆಯ ಜೀನಿಗೆ ಟ್ಯಾಗ್ (ಪ್ರೋಟೀನಿಗೆ ಅಂಟಿಕೊಂಡು ಬರುವ ಸಣ್ಣ ಗುರುತು) ಹಾಕಿ ಗಿಡ ಬೆಳೆಸುವುದು ನಿಮ್ಮ ಪಿಎಚ್.ಡಿ. ಅವಧಿಯಲ್ಲಿ ಆಗುವ ಮಾತಲ್ಲ. ಯೀಸ್ಟ್‌ನಲ್ಲಿ ಅದು ಒಂದೆರಡು ವಾರದ ಕೆಲಸ. ಎಚ್‌ಎ ಅಥವಾ ಮಿಕ್ ಟ್ಯಾಗಿನ ಆ್ಯಂಟಿಬಾಡಿ ಹೆಚ್ಚಿನ ಲ್ಯಾಬುಗಳಲ್ಲಿ ಇದ್ದೇ ಇರುತ್ತದೆ, ಪಕ್ಕದ ಡಿಪಾರ್ಟ್‌ಮೆಂಟಿನಲ್ಲಿ ವಿಚಾರಿಸಿ. ಅದು ಟ್ಯಾಗನ್ನು ಮಾತ್ರ ನೋಡುವುದರಿಂದ ದಾಯಾದಿಗಳ ಕಾಟವೂ ಇಲ್ಲ.

ಆದರೆ ಕಾರ್2ಗೆ ಟ್ಯಾಗ್ ಹಾಕುವಾಗ ಒಂದು ಎಚ್ಚರ. ಸಿದ್ಧ ಕ್ಯಾಸೆಟ್ ತಂದು ಪಿಸಿಆರ್ ಮಾಡಿ ಜೀನಿನ ಕೊನೆಗೆ ಅಂಟಿಸುವುದು ಯೀಸ್ಟ್‌ನವರ ವಾಡಿಕೆ. ಇಲ್ಲಿ ಹಾಗೆ ಮಾಡಿದರೆ ಎಚ್‌ಡಿಇಎಲ್ ತುದಿ ಟ್ಯಾಗಿನ ಹಿಂದೆ ಮುಚ್ಚಿಹೋಗುತ್ತದೆ. ಗುರುತು ಕಾಣದೆ ಕೋಶ ಕಾರ್2ಯನ್ನು ಹೊರಗೆ ಬಿಟ್ಟುಬಿಡುತ್ತದೆ. ಕೋಶದಲ್ಲಿ ಹುಡುಕಿದರೆ ಬ್ಯಾಂಡ್ ತೆಳ್ಳಗೆ, ಬೆಳೆಸಿದ ದ್ರಾವಣದಲ್ಲಿ ಹುಡುಕಿದರೆ ದಪ್ಪಗೆ. ಆದ್ದರಿಂದ ಟ್ಯಾಗ್ ಮೊದಲು, ಅದರ ನಂತರ ಎಚ್‌ಡಿಇಎಲ್, ಆಮೇಲೆ ನಿಲುಗಡೆ ಕೋಡಾನ್ ಬರುವಂತೆ ಪ್ರೈಮರ್ ಬರೆಯಿರಿ. ಕಾರ್2 ಇಲ್ಲದೆ ಯೀಸ್ಟ್ ಬದುಕುವುದಿಲ್ಲ. ಹಾಗಾಗಿ ಟ್ಯಾಗ್ ಹಾಕಿದ ಮೇಲೆ ಕೋಶ ಮೊದಲಿನಂತೆಯೇ ಬೆಳೆಯುತ್ತದೆಯೇ, 37 ಡಿಗ್ರಿಯಲ್ಲೂ ಬೆಳೆಯುತ್ತದೆಯೇ ಅಂತ ಪ್ಲೇಟಿನ ಮೇಲೆ ನೋಡಿಕೊಳ್ಳಿ.

ಬೇಕರಿ ಯೀಸ್ಟ್ ಪ್ಯಾಕೆಟ್ ಬಿಟ್ಟುಬಿಡಿ. ರೊಟ್ಟಿ, ಬನ್ನಿಗೆ ಅದು ಒಳ್ಳೆಯದು. ಅದರಲ್ಲಿ ಕ್ರೋಮೋಸೋಮ್ ಪ್ರತಿಗಳು ಎರಡೋ ಅದಕ್ಕಿಂತ ಹೆಚ್ಚೋ ಇರುತ್ತವೆ, ಆಯ್ಕೆಗೆ ಬೇಕಾದ ಗುರುತುಗಳೂ ಇರುವುದಿಲ್ಲ. ಬಿವೈ4741ರಂಥ ಒಂದೇ ಪ್ರತಿಯ ಲ್ಯಾಬ್ ತಳಿ ತರಿಸಿ. ಯೀಸ್ಟ್ ಜೀನೋಮ್ 1996ರಲ್ಲೇ ಪೂರ್ತಿ ಓದಿ ಆಗಿದೆ, ಈ ತಳಿ ಅದಕ್ಕೆ ತೀರಾ ಹತ್ತಿರದ್ದು. ಇನ್ನೂ ಸುಲಭ ಬೇಕಾದರೆ ಆ್ಯಂಟಿಬಾಡಿಯನ್ನೇ ಬಿಟ್ಟು ಹ್ಯಾಕ್1 ಆರ್‌ಎನ್‌ಎ ತುಂಡಾಗುವುದನ್ನು ಆರ್‌ಟಿ-ಪಿಸಿಆರ್‌ನಲ್ಲಿ ನೋಡಬಹುದು. ಇ.ಆರ್. ಒತ್ತಡ ಬಂದಾಗ ಐಆರ್‌ಇ1 ಎಂಬ ಪ್ರೋಟೀನ್ ಆ ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಪೀಟರ್ ವಾಲ್ಟರ್ ಮತ್ತು ಕಝುತೋಷಿ ಮೋರಿ ಇದನ್ನು ಬಿಡಿಸಿಟ್ಟದ್ದಕ್ಕೇ 2014ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಗಿಡದಲ್ಲಿ ಅದೇ ಐಆರ್‌ಇ1 ಬಿಝಿಪ್60 ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಕಾರ್2 ಪ್ರೋಟೀನ್ ಕೋಶದಲ್ಲಿ ಮೊದಲೇ ಬೇಕಾದಷ್ಟು ಇರುತ್ತದೆ. ಅದರ ಆರ್‌ಎನ್‌ಎ ಬೇಗ ಏರಿದರೂ ಪ್ರೋಟೀನಿನ ಬ್ಯಾಂಡ್ ದಪ್ಪಗಾಗಲು ಕೆಲವು ಗಂಟೆ ಬೇಕು. ಅರ್ಧ ಗಂಟೆಗೆ ತೆಗೆದ ಸ್ಯಾಂಪಲ್ಲಿನಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ ಬೇಜಾರಾಗಬೇಡಿ.

ಯೀಸ್ಟ್‌ನ ಪ್ರೋಟೀನ್ ತೆಗೆಯುವುದು ಸುಲಭ. ಕೋಶಗಳನ್ನು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಐದು ನಿಮಿಷ ಬಿಟ್ಟು, ಕೆಳಗಿಳಿಸಿ, ಎಸ್‌ಡಿಎಸ್ ಸ್ಯಾಂಪಲ್ ಬಫರಿನಲ್ಲಿ ಕುದಿಸಿದರೆ ಸಾಕು. ಸೆಕ್61ರಂಥ ಪೊರೆಯೊಳಗೆ ಹಲವು ಸಲ ಹಾದುಹೋಗುವ ಪ್ರೋಟೀನ್ ನೋಡುವುದಾದರೆ ಮಾತ್ರ ಕುದಿಸಬೇಡಿ. ಅದು ಮುದ್ದೆಯಾಗಿ ಜೆಲ್ಲಿನ ಬಾಯಲ್ಲೇ ನಿಲ್ಲುತ್ತದೆ. 37ರಿಂದ 50 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಆಯಿತು. ಬಿಪ್‌ಗೆ ಈ ತೊಂದರೆ ಇಲ್ಲ.

ಅಡಿಕೆ ಎಲೆ ಮಾತ್ರ ಅಷ್ಟು ಸಸಾರ ಅಲ್ಲ. ಹಸಿ ಅಡಿಕೆ ಸುಲಿದವರ ಕೈ ಕಪ್ಪಾಗುವುದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ಬೇಯಿಸಿದ ಚೊಗರಿನ ಬಣ್ಣವೂ ಗೊತ್ತು. ಆ ಟ್ಯಾನಿನ್, ಪಾಲಿಫೀನಾಲ್‌ಗಳೇ ನಿಮ್ಮ ಟ್ಯೂಬಿನಲ್ಲೂ ಇರುವುದು. ಕಾಯಿಯಷ್ಟು ಇಲ್ಲದಿದ್ದರೂ ಎಲೆಯಲ್ಲಿ ಸಾಕಷ್ಟಿವೆ. ಮಾಮೂಲಿ ಬಫರಿನಲ್ಲಿ ಎಲೆ ಅರೆದು ಮಂಜುಗಡ್ಡೆ ಮೇಲೆ ಇಟ್ಟು ನೋಡುತ್ತಾ ಇರಿ. ಮೊದಲು ತಿಳಿಹಸಿರು, ಸ್ವಲ್ಪ ಹೊತ್ತಿಗೆ ಚಹಾ, ಆಮೇಲೆ ಡಿಕಾಕ್ಷನ್ ಬಣ್ಣ. ಆ ಕಂದು ಬಣ್ಣ ಬಂತೆಂದರೆ ಫೀನಾಲುಗಳು ಆಕ್ಸಿಡೈಸ್ ಆಗಿ ಪ್ರೋಟೀನಿಗೆ ಅಂಟಿಕೊಂಡವು ಅಂತಲೇ ಅರ್ಥ. ಹಾಗೆ ಅಂಟಿದ ಪ್ರೋಟೀನ್ ಜೆಲ್ಲಿನಲ್ಲಿ ಗೆರೆಯಾಗಿ ನಿಲ್ಲುವುದಿಲ್ಲ, ಹೊಗೆಯಂತೆ ಹರಡುತ್ತದೆ. ಆ್ಯಂಟಿಬಾಡಿ ಹಿಡಿಯಬೇಕಾದ ಜಾಗವೂ ಮುಚ್ಚಿಹೋಗಬಹುದು. ನಿಮ್ಮ ‘ಮೇಲೆಲ್ಲ ಮಸುಕು’ ಇದೇ ಅಂತ ನನ್ನ ಅಂದಾಜು.

ಇದಕ್ಕೆ ಮದ್ದು ಎಲೆ ಆರಿಸುವುದರಲ್ಲೇ ಶುರುವಾಗುತ್ತದೆ. ಬಲಿತ ಸೋಗೆ ಬೇಡ. ಸುಳಿಯೊಳಗೆ ಇನ್ನೂ ಬಿಚ್ಚದ ಎಲೆ ತೆಗೆಯಿರಿ. ಅಲ್ಲಿ ರುಬಿಸ್ಕೋ ಕಡಿಮೆ. ಬೆಳೆಯುತ್ತಿರುವ ಕೋಶಗಳಾದ್ದರಿಂದ ಇ.ಆರ್. ಕೆಲಸ ಜೋರು. ಬಿಸಿಲಿಗೆ ಒಡ್ಡಿದ ಎಲೆಯೇ ಬೇಕು ಅಂತಿದ್ದರೆ ಪೂರ್ತಿ ಬಿಚ್ಚಿದ ಎಲೆಗಳಲ್ಲಿ ಎಳೆಯದ್ದನ್ನು ತೆಗೆದುಕೊಳ್ಳಿ, ಎಲ್ಲ ಸಸಿಯಲ್ಲೂ ಅದೇ ಸ್ಥಾನದ ಎಲೆ ಇರಲಿ. ದ್ರವ ಸಾರಜನಕದಲ್ಲಿ ಹಿಟ್ಟಿನ ಹಾಗೆ ಪುಡಿ ಮಾಡಿ. ಲ್ಯಾಬಿನಲ್ಲಿ ಸಾರಜನಕ ಮುಗಿದಿದ್ದರೆ ಪಶುವೈದ್ಯರ ಕಡೆ ವಿಚಾರಿಸಿ, ಹಸುಗಳ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಅವರು ಅದರಲ್ಲೇ ಇಡುತ್ತಾರೆ. ಆ ಪುಡಿಗೆ ಶೇ. 10 ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) ಮತ್ತು ಸ್ವಲ್ಪ ಮರ್ಕ್ಯಾಪ್ಟೋಇಥನಾಲ್ ಸೇರಿಸಿದ ತಣ್ಣನೆಯ ಅಸಿಟೋನ್ ಹಾಕಿ ಮೈನಸ್ 20ರಲ್ಲಿ ಬಿಡಿ. ಪ್ರೋಟೀನ್ ಕೆಳಗೆ ಕೂರುತ್ತದೆ, ಫೀನಾಲ್, ಹಸಿರು ಬಣ್ಣ ಎಲ್ಲ ಅಸಿಟೋನಿಗೆ ಹೋಗುತ್ತದೆ. ಗಸಿ ಬೆಳ್ಳಗಾಗುವ ತನಕ ತೊಳೆಯಿರಿ. ಹಾಗೂ ಹಟ ಮಾಡಿದರೆ ಫೀನಾಲ್ ದ್ರಾವಣದಲ್ಲಿ ಪ್ರೋಟೀನ್ ಎಳೆದು ಮೆಥನಾಲ್-ಅಮೋನಿಯಂ ಅಸಿಟೇಟಿನಲ್ಲಿ ಇಳಿಸುವ ವಿಧಾನ ಇದೆ. ಗಲೀಜು ಕೆಲಸ, ಆದರೆ ಟ್ಯಾನಿನ್ ಜಾಸ್ತಿ ಇರುವ ಗಿಡಗಳಿಗೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಟಿಸಿಎ ಬಳಸಿದ ಮೇಲೆ ಸ್ಯಾಂಪಲ್ ಬಫರ್ ಹಾಕಿದಾಗ ನೀಲಿ ಬಣ್ಣ ಹಳದಿಗೆ ತಿರುಗಿದರೆ ಆ್ಯಸಿಡ್ ಉಳಿದಿದೆ ಅಂತ. ಟ್ರಿಸ್ ಒಂದೊಂದೇ ಹನಿ ಹಾಕಿ, ಮತ್ತೆ ನೀಲಿಯಾದ ಮೇಲೆಯೇ ಕುದಿಸಿ.

ಇಷ್ಟೆಲ್ಲ ಅಡಿಕೆಯಲ್ಲೇ ಕಲಿಯಲು ಹೋಗಬೇಡಿ. ಹೆಸರುಕಾಳಿನ ಮೊಳಕೆ ಅಥವಾ ಭತ್ತದ ಸಸಿಯಲ್ಲಿ ಹೊಸ ಆ್ಯಂಟಿಬಾಡಿಯನ್ನು ಪಳಗಿಸಿಕೊಳ್ಳಿ. ಅಲ್ಲಿ ಟ್ಯಾನಿನ್ ಕಾಟ ಕಡಿಮೆ. ಸಸಿಗಳ ಬೇರಿಗೆ ಟ್ಯುನಿಕಾಮೈಸಿನ್ ಕೊಡಿ, ಪ್ರತಿ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಸುತ್ತಮುತ್ತ ಸಾಕು. ಅದು ಇ.ಆರ್. ಒಳಗೆ ಪ್ರೋಟೀನಿಗೆ ಸಕ್ಕರೆ ಸರ ಜೋಡಿಸುವುದನ್ನು ನಿಲ್ಲಿಸುತ್ತದೆ. ಮಡಚಿಕೊಳ್ಳದ ಪ್ರೋಟೀನ್ ತುಂಬಿ ಬಿಪ್ ಏರುತ್ತದೆ. ಸೈಟೋಪ್ಲಾಸಂ ಎಚ್‌ಎಸ್‌ಪಿ70ಗೆ ಇದರಿಂದ ಅಂಥ ಏರಿಕೆ ಇಲ್ಲ. ಬಿಸಿಗೆ ಅದು ಧಾರಾಳವಾಗಿ ಏರುತ್ತದೆ. ಈ ವ್ಯತ್ಯಾಸವೇ ನಿಮ್ಮ ತಕ್ಕಡಿ. ಏನೂ ಕೊಡದ್ದು, ಟ್ಯುನಿಕಾಮೈಸಿನ್ ಕೊಟ್ಟದ್ದು, ಬಿಸಿ ಕೊಟ್ಟದ್ದು, ಮೂರನ್ನೂ ಒಂದೇ ಜೆಲ್ಲಿನಲ್ಲಿ ಓಡಿಸಿ. ಶೇ. 8ರ ಉದ್ದನೆಯ ಜೆಲ್ ಆಗಿದ್ದರೆ 70 ಮತ್ತು 75 ಬೇರೆ ಬೇರೆ ಕಾಣುತ್ತವೆ. ಟ್ಯುನಿಕಾಮೈಸಿನ್‌ಗೆ ಅಲ್ಲಾಡದೆ ಬಿಸಿಗೆ ಮಾತ್ರ ಜಿಗಿಯುವ ಬ್ಯಾಂಡ್ ಕಂಡರೆ ಅದನ್ನು ಬಿಪ್ ಅನ್ನಬೇಡಿ.

ಪರೀಕ್ಷಕರು ಗಟ್ಟಿಯಾಗಿದ್ದರೆ ಇನ್ನೂ ಒಂದು ಪುರಾವೆ ಕೇಳಬಹುದು, ಇದು ನಿಜಕ್ಕೂ ಇ.ಆರ್. ಪ್ರೋಟೀನಾ ಅಂತ. ಗಿಡದವರ ಹತ್ತಿರ ಇದಕ್ಕೊಂದು ಹಳೆಯ ಚೆಂದದ ಉಪಾಯ ಇದೆ. ಎಲೆಯನ್ನು ಸಕ್ಕರೆ ಬಫರಿನಲ್ಲಿ ಮೆಲ್ಲಗೆ ಅರೆದು, ಪೊರೆಗಳನ್ನು ಸುಕ್ರೋಸ್ ಪದರಗಳಲ್ಲಿ ತೇಲಿಸಿ ಬೇರೆ ಮಾಡುತ್ತಾರೆ. ಒಂದು ಸಲ ಮೆಗ್ನೀಸಿಯಂ ಹಾಕಿ, ಇನ್ನೊಂದು ಸಲ ಅದನ್ನು ಹಿಡಿದುಕೊಳ್ಳುವ ಇಡಿಟಿಎ ಹಾಕಿ. ಮೆಗ್ನೀಸಿಯಂ ಇದ್ದರೆ ರೈಬೋಸೋಮುಗಳು ಇ.ಆರ್. ಮೈಗೆ ಅಂಟಿಕೊಂಡೇ ಇರುತ್ತವೆ, ಅದು ಭಾರವಾಗಿ ಕೆಳಗಿನ ಪದರಕ್ಕೆ ಹೋಗುತ್ತದೆ. ಇಡಿಟಿಎ ಹಾಕಿದರೆ ರೈಬೋಸೋಮು ಕಳಚಿ ಹಗುರಾಗಿ ಮೇಲಿನ ಪದರದಲ್ಲಿ ನಿಲ್ಲುತ್ತದೆ. ನಿಮ್ಮ ಬ್ಯಾಂಡೂ ಅದರ ಜೊತೆಗೇ ಮೇಲೆ ಸರಿದರೆ ಅದು ಇ.ಆರ್. ನದ್ದೇ. ಗಾಲ್ಜಿ, ಪ್ಲಾಸ್ಮಾ ಪೊರೆಗಳು ಹೀಗೆ ಸರಿಯುವುದಿಲ್ಲ. ಇದಕ್ಕೆ ಅಲ್ಟ್ರಾಸೆಂಟ್ರಿಫ್ಯೂಜ್ ಬೇಕು, ಬೆಂಗಳೂರಿಗೆ ಹೋಗಬೇಕಾದೀತು. ಅರೆಯುವಾಗ ಇ.ಆರ್. ಒಡೆದು ಬಿಪ್ ಸ್ವಲ್ಪ ಹೊರಗೆ ಸೋರುವುದು ಮಾಮೂಲು, ಅದಕ್ಕೆ ಗಾಬರಿ ಬೇಡ.

ಕ್ಯಾಲ್‌ರೆಟಿಕ್ಯುಲಿನ್ ತರಿಸೋಣವಾ ಅಂತ ನಿಮ್ಮ ಗೈಡ್ ಕೇಳಿದರೆ ಬೇಡ ಅನ್ನಿ. ಲೆಕ್ಕದಲ್ಲಿ ಅದು 48 ಕಿಲೋಡಾಲ್ಟನ್ ಇದ್ದರೂ ಆಮ್ಲೀಯ ಪ್ರೋಟೀನಾದ್ದರಿಂದ ನಿಧಾನಕ್ಕೆ ಓಡಿ 55-60ರಲ್ಲಿ ನಿಲ್ಲುತ್ತದೆ, ಎಲೆಯಲ್ಲಿ ಸೀದಾ ರುಬಿಸ್ಕೋ ಪಕ್ಕಕ್ಕೆ. ಬೇಕರಿ ಯೀಸ್ಟ್‌ನಲ್ಲಂತೂ ಅದು ಇಲ್ಲವೇ ಇಲ್ಲ.

ಮೊಲದ ಪಾಲಿಕ್ಲೋನಲ್ ಅಂದಮೇಲೆ ಎರಡು ತಲೆನೋವು ಜೊತೆಗೇ ಬರುತ್ತವೆ. ಮೊಲಗಳಿಗೆ ಯೀಸ್ಟ್ ಹೊಸದಲ್ಲ. ಅವುಗಳ ರಕ್ತದಲ್ಲಿ ಯೀಸ್ಟ್ ಗೋಡೆಯ ಸಕ್ಕರೆಗಳನ್ನು ಹಿಡಿಯುವ ಆ್ಯಂಟಿಬಾಡಿ ಎಷ್ಟೋ ಸಲ ಮೊದಲೇ ಇರುತ್ತದೆ. ಯಾವಾಗಲಾದರೂ ಕಾರ್2ಗೆ ಮಾಡಿದ ಮೊಲದ ಸೀರಂ ಸಿಕ್ಕಿ, ಮೈಕ್ರೋಸ್ಕೋಪಿನಲ್ಲಿ ಕೋಶದ ಅಂಚೆಲ್ಲ ಹೊಳೆದರೆ ಇದನ್ನು ನೆನಪಿಸಿಕೊಳ್ಳಿ. ಸೀರಂ ಅನ್ನು ಮೊದಲು ಇಡೀ ಯೀಸ್ಟ್ ಕೋಶಗಳ ಜೊತೆ ಕಲಸಿ, ಅಂಟುವುದೆಲ್ಲ ಅಂಟಿದ ಮೇಲೆ ಕೋಶಗಳನ್ನು ಇಳಿಸಿ ಬಿಸಾಕಿ, ಮೇಲಿನದ್ದನ್ನು ಬಳಸಿ. ಗಿಡದ ಕಡೆ ತೊಂದರೆ ಗ್ಲೈಕೋಪ್ರೋಟೀನುಗಳದ್ದು. ಗಾಲ್ಜಿ ದಾಟಿದ ಗಿಡದ ಪ್ರೋಟೀನುಗಳ ಮೇಲೆ ಝೈಲೋಸ್, ಫ್ಯೂಕೋಸ್ ಇರುವ ಒಂದು ಬಗೆಯ ಸಕ್ಕರೆ ಸರ ಇರುತ್ತದೆ. ಮೊಲದ ಮೈ ಅದನ್ನು ಪರಕೀಯ ಅಂತ ಬಲವಾಗಿ ಗುರುತಿಸುತ್ತದೆ. ಗಿಡದಿಂದಲೇ ಶುದ್ಧ ಮಾಡಿದ ಗ್ಲೈಕೋಪ್ರೋಟೀನ್ ಚುಚ್ಚಿ ಮಾಡಿದ ಸೀರಂ ಆಗಿದ್ದರೆ, ಸಂಬಂಧವೇ ಇಲ್ಲದ ಹತ್ತಾರು ಬ್ಯಾಂಡುಗಳು ಈ ಸಕ್ಕರೆಯಿಂದಾಗಿ ಬರುತ್ತವೆ. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಪ್ರೋಟೀನ್ ಅಥವಾ ಪೆಪ್ಟೈಡ್ ಚುಚ್ಚಿ ಮಾಡಿದ್ದಾದರೆ ಈ ರಗಳೆ ಕಡಿಮೆ. ಅದಕ್ಕೇ ಮತ್ತೆ ಇಮ್ಯುನೋಜೆನ್ ಸಾಲು ನೋಡಿ ಅನ್ನುವುದು.

ಮೈಕ್ರೋಸ್ಕೋಪಿಗೂ ಅದೇ ಆ್ಯಂಟಿಬಾಡಿ ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಬ್ಲಾಟಿನಲ್ಲಿ ಪ್ರೋಟೀನ್ ಬಿಚ್ಚಿಕೊಂಡು ಬಿದ್ದಿರುತ್ತದೆ. ಫಾರ್ಮಾಲ್ಡಿಹೈಡ್ ಹಾಕಿದ ಕೋಶದಲ್ಲಿ ಮಡಚಿಕೊಂಡು, ಅಕ್ಕಪಕ್ಕಕ್ಕೆ ಬೆಸೆದುಕೊಂಡು ಇರುತ್ತದೆ. ಹಿಡಿಯಬೇಕಾದ ಜಾಗ ಒಳಗೆ ಸೇರಿಹೋಗಿರಬಹುದು. ಯೀಸ್ಟ್‌ನಲ್ಲಿ ಇ.ಆರ್. ಹೇಗೆ ಕಾಣಬೇಕು ಅನ್ನುವುದು ಮೊದಲೇ ಗೊತ್ತಿರಲಿ: ನ್ಯೂಕ್ಲಿಯಸ್ಸಿನ ಸುತ್ತ ಒಂದು ಸ್ಪಷ್ಟ ಉಂಗುರ, ಕೋಶದ ಅಂಚಿಗೆ ಇನ್ನೊಂದು ತುಂಡುತುಂಡಾದ ಉಂಗುರ, ನಡುವೆ ಒಂದೋ ಎರಡೋ ಎಳೆ. ನ್ಯೂಕ್ಲಿಯಸ್ಸಿನ ಡಿಎನ್‌ಎಗೆ ಅಂಟುವ ಡಿಎಪಿಐ ಬಣ್ಣ ಒಳಗಿನ ಉಂಗುರದ ಹೊಟ್ಟೆಯಲ್ಲಿ ಕೂತಿರಬೇಕು. ಗೋಡೆ ಕರಗಿಸಲು ಝೈಮೋಲಿಯೇಸ್ ಹಾಕಿದಾಗ ಫೇಸ್ ಕಾಂಟ್ರಾಸ್ಟಿನಲ್ಲಿ ನೋಡುತ್ತಾ ಇರಿ. ಗೋಡೆ ಇರುವ ಕೋಶ ಮಣಿಯ ಹಾಗೆ ಮಿನುಗುತ್ತದೆ. ಗೋಡೆ ಹೋದದ್ದು ಮಂಕಾಗಿ ಬೂದು ಬಣ್ಣಕ್ಕೆ ಬರುತ್ತದೆ, ಅಲ್ಲಿಗೆ ನಿಲ್ಲಿಸಿ. ಒಳಗೇನೂ ಇಲ್ಲದ ತೆಳ್ಳನೆ ನೆರಳಾದರೆ ಜಾಸ್ತಿಯಾಯಿತು. ಸಾರ್ಬಿಟಾಲ್ 1.2 ಮೋಲಾರ್ ಇಲ್ಲದಿದ್ದರೆ ಕೋಶ ಒಡೆಯುತ್ತದೆ. ನಿಮ್ಮ ತಳಿಯಲ್ಲಿ ಅಡಿನೈನ್ ತಯಾರಿಸಲು ಬೇಕಾದ ಎಡಿಇ2 ಜೀನ್ ಕೆಟ್ಟಿದ್ದರೆ ಕೋಶವೇ ಕೆಂಪು ಬಣ್ಣ ಕೂಡಿಹಾಕಿಕೊಂಡು ತಾನಾಗಿ ಹೊಳೆಯುತ್ತದೆ, ಬೆಳೆಸುವಾಗ ಅಡಿನೈನ್ ಜಾಸ್ತಿ ಹಾಕಿ.

ಅಡಿಕೆಗೆ ಬೇರಿನ ತುದಿ ಬಳಸಿ. ಎಲೆಯಲ್ಲಿ ಕ್ಲೋರೋಫಿಲ್ 680 ನ್ಯಾನೋಮೀಟರ್ ಹತ್ತಿರ ಕೆಂಪಗೆ, ಗೋಡೆಯ ಫೀನಾಲುಗಳು ನೀಲಿ-ಹಸಿರಲ್ಲಿ ಹೊಳೆಯುತ್ತವೆ. ನಡುವೆ ನಿಮ್ಮ ಡೈಗೆ ಜಾಗವೇ ಇರುವುದಿಲ್ಲ. ಬೇರಿನಲ್ಲೂ ಆ್ಯಂಟಿಬಾಡಿ ಹಾಕದ ಒಂದು ತುಂಡನ್ನು ಅದೇ ಎಕ್ಸ್‌ಪೋಶರಿನಲ್ಲಿ ನೋಡಿಯೇ ಮುಂದೆ ಹೋಗಿ.

ತರಿಸುವ ವಿಷಯ. ಪುಡಿಯಾಗಿ ಒಣಗಿಸಿದ ರೂಪ ಸಿಕ್ಕರೆ ಅದನ್ನೇ ಕೇಳಿ. ಮಳೆಗಾಲದಲ್ಲಿ ಕೊರಿಯರ್ ಎಲ್ಲಿ ಎಷ್ಟು ದಿನ ಕೂರುತ್ತದೋ ಹೇಳಲಾಗದು, ಐಸ್ ಪ್ಯಾಕ್ ಅಷ್ಟು ಹೊತ್ತಿಗೆ ಬಿಸಿನೀರು. ಒಣಪುಡಿ ಅದನ್ನು ತಡೆದುಕೊಳ್ಳುತ್ತದೆ. ಬಂದ ಟ್ಯೂಬನ್ನು ತೆರೆಯುವ ಮೊದಲು ಒಂದು ಸುತ್ತು ಸೆಂಟ್ರಿಫ್ಯೂಜ್ ಮಾಡಿ, ಪುಡಿ ಮುಚ್ಚಳದಲ್ಲೂ ಅಂಟಿರುತ್ತದೆ. ಹೇಳಿದಷ್ಟು ನೀರಿನಲ್ಲಿ ಕರಗಿಸಿ, ಅಷ್ಟೇ ಗ್ಲಿಸರಾಲ್ ಸೇರಿಸಿ, 10 ಮೈಕ್ರೋಲೀಟರಿನಂತೆ ಚಿಕ್ಕ ಟ್ಯೂಬುಗಳಿಗೆ ಹಂಚಿ ಮೈನಸ್ 20ರಲ್ಲಿಡಿ. ಅರ್ಧ ಗ್ಲಿಸರಾಲ್ ಇದ್ದರೆ ಅಲ್ಲಿ ಅದು ಗಡ್ಡೆ ಕಟ್ಟುವುದಿಲ್ಲ. ಆಷಾಢದಲ್ಲಿ ಮರ ಬಿದ್ದು ಕರೆಂಟ್ ಹೋಗಿ ಫ್ರೀಜರ್ ತಣ್ಣಗೆ-ಬೆಚ್ಚಗೆ ಆಗುತ್ತಿದ್ದರೂ ಗಡ್ಡೆ ಕಟ್ಟಿ ಕರಗಿ ಹಾಳಾಗುವ ಭಯ ಇಲ್ಲ. ಬಾಗಿಲ ಕಡೆ ಇಡಬೇಡಿ. ಕೆಡದಿರಲಿ ಅಂತ ಅಜೈಡ್ ಹಾಕುವ ಅಭ್ಯಾಸ ಇದ್ದರೆ, ಎಚ್‌ಆರ್‌ಪಿ ಎಂಜೈಮ್ ಜೋಡಿಸಿದ ಸೆಕೆಂಡರಿಗೆ ಮಾತ್ರ ಹಾಕಬೇಡಿ, ಅದು ಆ ಎಂಜೈಮನ್ನೇ ಕೊಲ್ಲುತ್ತದೆ. ಬ್ಲಾಕ್ ಮಾಡಲು ಕೆನೆ ತೆಗೆದ ಹಾಲಿನ ಪುಡಿ ಶೇ. 5 ಸಾಕು, ಬಯೋಟಿನ್-ಸ್ಟ್ರೆಪ್ಟಾವಿಡಿನ್ ಬಳಸುವುದಾದರೆ ಮಾತ್ರ ಹಾಲು ಬೇಡ, ಅದರಲ್ಲೇ ಬಯೋಟಿನ್ ಇರುತ್ತದೆ.

ಆರ್ಡರ್ ಹಾಕುವ ಮೊದಲು ಸುಳಿ ಎಲೆಯದ್ದೊಂದು, ಬಲಿತ ಎಲೆಯದ್ದೊಂದು ಟಿಸಿಎ ಸ್ಯಾಂಪಲ್ ಮಾಡಿ ಜೆಲ್ ಓಡಿಸಿ, ಪೊನ್ಸೋ ಫೋಟೋ ತೆಗೆದು ನೋಡಿ. ಗೆರೆಗಳು ಚೊಕ್ಕಟವಾಗಿ ಬಂದಿದ್ದರೆ ತರಿಸಿ. ಇನ್ನೂ ಹೊಗೆಯಂತೆ ಹರಡಿದ್ದರೆ ಫೀನಾಲ್ ವಿಧಾನಕ್ಕೆ ಹೋಗಿ, ಆ್ಯಂಟಿಬಾಡಿ ಅಲ್ಲಿಯವರೆಗೆ ಕಾಯಲಿ.